ಅಪ್ಪನ ಹಂಗಾಮಿ ಕೆಲಸ

ನನ್ನ ಅಪ್ಪ ಸರಕಾರಕ್ಕೆ ತಂಪು ಮಾಡಿಕೊಡುವ ಕೆಲಸದಲ್ಲಿದ್ದ. ಹೀಗೆ ಹೇಳಿದರೆ ಈಗಿನವರು ನನ್ನ ಮುಖ ನೋಡುತ್ತಾರೆ, ಮುದುಕಿಗೆ ಅರಳುಮರಳು ಎಂದುಕೊಳ್ಳುತ್ತಾರೆ. ಮೊನ್ನೆ ಮನೆಯ ಏಸಿ ಕೆಟ್ಟು ಇಲ್ಲೇ ಬೀದರಿನ ನೌಬಾದದಿಂದ ರಿಪೇರಿಯವನೊಬ್ಬ ಬಂದಿದ್ದ. ಎರಡನೆಯ ಮಹಡಿಯ ಹೊರಗೋಡೆಗೆ ಅಂಟಿಕೊಂಡು, ಕಾಲಿಡಲು ಗೇಣು ಜಾಗವಿಲ್ಲದ ಕಡೆ, ಮೇ ತಿಂಗಳ ಬಿಸಿಲಿನಲ್ಲಿ ಎರಡು ತಾಸು ನಿಂತು ಕೆಲಸ ಮಾಡಿದ. ಒಳಗೆ ಬಂದಾಗ ನೀರು ಕೊಟ್ಟು ಪಗಾರ ಎಷ್ಟಪ್ಪಾ ಎಂದು ಕೇಳಿದೆ. “ತಿಂಗಳ ಪಗಾರ ಎಲ್ಲೀದರಿ ಅಮ್ಮಾ, ಬ್ಯಾಸಗ್ಯಾಗ ಕರೀತಾರ, ಮಳಿ ಬಿದ್ದ ಮ್ಯಾಲ ಮನಿಗಿ ಕಳಸ್ತಾರ” ಎಂದು ನಕ್ಕ. ನನಗೆ ನಗು ಬರಲಿಲ್ಲ. ಅಪ್ಪನ ವಿಷಯ ನಾನು ಇದುವರೆಗೆ ಯಾರ ಮುಂದೆಯೂ ಪೂರ್ತಿ ಹೇಳಿಲ್ಲ. ಎಂಬತ್ತು ದಾಟಿದ ಮೇಲೆ ಇನ್ನೂ ಒಳಗೇ ಇಟ್ಟುಕೊಂಡು ಏನು ಮಾಡುವುದು?

ನಿಜಾಮರ ಕಾಲದಿಂದಲೂ ಬೀದರಿನ ಸರಕಾರಿ ಕಟ್ಟಡಗಳಿಗೆ ಬೇಸಿಗೆಯಲ್ಲಿ ಖಸ್ ತಟ್ಟಿ ಕಟ್ಟುತ್ತಿದ್ದರು. ಖಸ್ ಎಂದರೆ ಲಾವಂಚದ ಬೇರು. ಬಿದಿರಿನ ಚೌಕಟ್ಟಿನಲ್ಲಿ ಆ ಬೇರನ್ನು ಒತ್ತಾಗಿ ತುಂಬಿ, ಸುತಳಿಯಿಂದ ಬಿಗಿದು, ಪಡುವಣ ಕಡೆಯ ಬಾಗಿಲು ಕಿಟಕಿಗಳಿಗೆ ಸಂದಿ ಬಿಡದ ಹಾಗೆ ಕೂಡಿಸಬೇಕು. ಹೊರಗಿನಿಂದ ಮೇಲಿಂದ ಮೇಲೆ ನೀರು ಎರಚುತ್ತಿರಬೇಕು. ಬಿಸಿಗಾಳಿ ಹಸಿ ಬೇರಿನೊಳಗಿಂದ ನುಸುಳಿ ಒಳಗೆ ಹೋಗುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು. ಒಳಗೆ ಛತ್ತಿಗೆ, ಅಂದರೆ ಚಾವಣಿಗೆ, ತೂಗುಹಾಕಿದ ಬಟ್ಟೆಯ ಪಂಖಾ. ಅದರ ಹಗ್ಗ ಗೋಡೆಯ ತೂತಿನಿಂದ ಹೊರಗೆ ಬಂದು, ಪಡಸಾಲೆಯಲ್ಲಿ ಕುಳಿತ ಒಬ್ಬ ಆಳಿನ ಕೈಯಲ್ಲಿ. ಅಪ್ಪ ಹಗ್ಗ ಎಳೆಯುವವನಲ್ಲ. ಇದನ್ನು ಹೇಳದೆ ಮುಂದೆ ಹೋದರೆ ಅವನಿಗೆ ಸಿಟ್ಟು ಬರುತ್ತಿತ್ತು. ಅವನು ತಟ್ಟಿ ಕಟ್ಟುವವನು, ಪಂಖಾ ತೂಗುಹಾಕುವವನು, ಹಗ್ಗದ ಗಾಲಿಗೆ ಎಣ್ಣೆ ಬಿಡುವವನು, ಕೆಟ್ಟದ್ದನ್ನು ನೆಟ್ಟಗೆ ಮಾಡುವವನು. ಬೀದರ, ಭಾಲ್ಕಿ, ಔರಾದ ಮೂರೂ ಊರಿನ ಕಚೇರಿ, ಕೋರ್ಟು, ದವಾಖಾನೆ, ಬಂಗಲೆಗಳಿಗೆಲ್ಲ ಅವನೊಬ್ಬನೇ. ಕರೆಂಟಿನ ಪಂಖಾ ಬಂದ ಕಡೆ ಅದನ್ನು ಬಿಚ್ಚಿ ಜೋಡಿಸುವುದನ್ನೂ ಯಾರೂ ಹೇಳಿಕೊಡದೆ ಕಲಿತಿದ್ದ.

ಕೇಳಲು ಚೆಂದ. ಮಾಡುವವನ ಕೈಕಾಲು ನೋಡಬೇಕಿತ್ತು. ಒಣ ಬೇರು ಬೆರಳನ್ನು ಸಣ್ಣಗೆ ಕೊಯ್ಯುತ್ತಿತ್ತು. ಆ ಗಾಯದ ಮೇಲೆ ಇಡೀ ದಿನ ನೀರು. ಚೈತ್ರದಿಂದ ಮಳೆ ಬೀಳುವ ತನಕ ಅವನ ಕಾಲ್ಬೆರಳ ಸಂದಿಗಳು ಒಣಗುತ್ತಲೇ ಇರಲಿಲ್ಲ, ಬೆಳ್ಳಗೆ ಕೊಳೆತು ನಾರುತ್ತಿದ್ದವು. ಬೇರಿನ ಧೂಳು ಮೂಗಿಗೆ ಹೋಗಿ ಕೆಮ್ಮು. ಔರಾದದಲ್ಲಿ ಒಮ್ಮೆ ಏಣಿ ಜಾರಿ ಮುಂಗೈ ಮುರಿದುಕೊಂಡು, ನಾಟಿ ವೈದ್ಯನಿಂದ ದಬ್ಬೆ ಕಟ್ಟಿಸಿಕೊಂಡು, ಮರುದಿನ ಉಳಿದ ಎರಡು ಕಿಟಕಿಗೆ ಒಂದೇ ಕೈಯಿಂದ ತಟ್ಟಿ ಕೂಡಿಸಿ ಬಂದಿದ್ದ. ಭಾಲ್ಕಿಗೆ ರೈಲು ಇತ್ತು. ಬೇರಿನ ಹೊರೆಗಳ ಮೇಲೆಯೇ ಕುಳಿತು ಹೋಗುತ್ತಿದ್ದ. ಔರಾದಕ್ಕೆ ಬಸ್ಸಿನ ಟಪ್ಪಿನ ಮೇಲೆ ಹೊರೆ ಏರಿಸಬೇಕು, ಹೊರೆಗೂ ಟಿಕೀಟು ಕೇಳುವ ಕಂಡಕ್ಟರನ ಜೊತೆ ಜಗಳಾಡಬೇಕು. ತಿರುಗಾಟದ ಭತ್ತೆ ಎಂದು ಒಂದಿತ್ತು, ಅದು ಬಂದರೆ ಬಂತು. ತಟ್ಟಿ ಕಟ್ಟಿದ ಮೇಲೆ, ತಂಪು ಸರಿಯಾಗಿ ಬರುತ್ತಿದೆಯೋ ಇಲ್ಲವೋ ನೋಡಲು, ಸಾಹೇಬರ ಅಪ್ಪಣೆ ಕೇಳಿ ಒಂದೆರಡು ನಿಮಿಷ ಒಳಗೆ ನಿಲ್ಲುತ್ತಿದ್ದ. ಅವನ ಪಾಲಿನ ತಂಪು ಅಷ್ಟೇ.

ಆದರೂ ಅವನು ಈ ಕೆಲಸವನ್ನು ಬೈದದ್ದು ನಾನು ಕೇಳಿಲ್ಲ. ಕಾರಣ ಒಂದೇ ಶಬ್ದ, ಮುಸ್ತಕಿಲ್. ಉರ್ದುವಿನಲ್ಲಿ ಕಾಯಂ ಎಂದರ್ಥ. ತನಖಾ, ಎಂದರೆ ಪಗಾರ, ಸಣ್ಣದು, ಆದರೆ ಹನ್ನೆರಡು ತಿಂಗಳದು. ಮಳೆಗಾಲದಲ್ಲಿ ತಟ್ಟಿಗಳನ್ನು ಬಿಚ್ಚಿ, ಚೌಕಟ್ಟು ಒಣಗಿಸಿ ಅಟ್ಟಕ್ಕೆ ಏರಿಸುವುದು, ಪಂಖಾದ ಅಂಚಿನ ಝಾಲರು ಹೊಲಿಯುವುದು, ಕರೆಂಟಿನ ಪಂಖಾ ಇಳಿಸಿ ಎಣ್ಣೆ ಹಾಕುವುದು, ಹೀಗೆ ಏನಾದರೂ ಇದ್ದೇ ಇರುತ್ತಿತ್ತು. ಮುಪ್ಪಿನಲ್ಲಿ ವಜೀಫಾ, ಅಂದರೆ ಪಿಂಚಣಿ. ಆಯಿ ಎಂದರೆ ನನ್ನ ತಾಯಿ. ಅವಳ ತವರಿನವರು ಔರಾದ ಕಡೆಯವರು, ಮರಾಠಿ ಮಾತಿನವರು. ವರನ ಕೈಯ ಗಾಯ ನೋಡಿ ಹಿಂಜರಿದಿದ್ದರಂತೆ, ಮುಸ್ತಕಿಲ್ ಎಂದು ಕೇಳಿದ ಮೇಲೆ ಹೆಣ್ಣು ಕೊಟ್ಟರಂತೆ. ಇದನ್ನು ಆಯಿ ವರ್ಷಕ್ಕೆ ನಾಲ್ಕು ಸಲವಾದರೂ ಹೇಳಿ ಅಪ್ಪನನ್ನು ಛೇಡಿಸುತ್ತಿದ್ದಳು.

ನಮ್ಮ ಮನೆಯ ಮಾತು ಮೂರು ಹಿಟ್ಟು ಕಲಸಿದ ರೊಟ್ಟಿಯ ಹಾಗೆ. ಅಪ್ಪ ಆಡುವುದು ಕನ್ನಡ, ಓದಿ ಬರೆಯುವುದು ಉರ್ದು ಮಾತ್ರ. ಆಯಿಯದು ಮರಾಠಿ, ಅವಳಿಗೆ ಅಕ್ಷರವಿಲ್ಲ. ನಾನು ಭಾಲ್ಕಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕನ್ನಡ ಸಾಲಿ ಕಲಿತವಳು. ಮರಾಠಿಯಲ್ಲಿ ಹಂಗಾಮ ಎಂದರೆ ಸುಗ್ಗಿ, ಋತು. ತೊಗರಿಯ ಹಂಗಾಮ, ಕಬ್ಬಿನ ಹಂಗಾಮ ಎನ್ನುತ್ತಾರೆ. ಫಾಲ್ಗುಣ ಮುಗಿಯುವ ಹೊತ್ತಿಗೆ ಬೇರಿನ ಹೊರೆಗಳು ಅಂಗಳಕ್ಕೆ ಬಂದು ಬಿದ್ದವೆಂದರೆ ಆಯಿ, “ಇನ್ನ ಇವರದ ಹಂಗಾಮಿ ಕೆಲಸ ಸುರು ಆತು, ಮಳಿ ಬರೂತನ ಈ ಮನುಷ್ಯಾ ಮನಿಗಿ ಇಲ್ಲ” ಎನ್ನುತ್ತಿದ್ದಳು. ನಾವು ಮಕ್ಕಳೂ ಹಾಗೆಯೇ ಅನ್ನುತ್ತಿದ್ದೆವು. ಸಾಲಿಯ ಪುಸ್ತಕದಲ್ಲಿಯೂ ಮುಂಗಾರು ಹಂಗಾಮು, ಹಿಂಗಾರು ಹಂಗಾಮು ಎಂದು ಇತ್ತು. ಹಾಗಾಗಿ ಅದು ಅಚ್ಚ ಕನ್ನಡದ, ಓದಿದವರ ಶಬ್ದ ಎಂದು ನಾನು ತಿಳಿದಿದ್ದೆ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದಾಗ ನನಗೆ ಹತ್ತೊಂಬತ್ತು. ಮಾಸ್ತರಿಕೆಯ ಟ್ರೇನಿಂಗು ಮುಗಿಸಿ, ಕನ್ನಡ ಸಾಲಿಗೆ ನೌಕರಿ ಕೇಳಿ ಅರ್ಜಿ ಹಾಕಿ ಕುಳಿತಿದ್ದೆ. ಊರಿನಲ್ಲಿ ಕಲಿತವರೆಲ್ಲ ಉರ್ದು ಕಲಿತವರು. ಹೊಸ ಸರಕಾರಕ್ಕೆ ಬೇಕಾದದ್ದು ಕನ್ನಡ ಬಲ್ಲವರು. ಹೀಗಾಗಿ ನನಗೆ ಬಹಳ ಜಂಬ ಬಂದಿತ್ತು. ಅದನ್ನು ಈಗ ಮುಚ್ಚಿಟ್ಟು ಏನು ಪ್ರಯೋಜನ? ಓಣಿಯವರ ಮಾತು ತಿದ್ದುತ್ತಿದ್ದೆ. ಅಪ್ಪ ಮೇಜನ್ನು ಮೇಜು ಎಂದರೂ ಅದು ಪರಭಾಷೆಯ ಶಬ್ದ ಎನ್ನುತ್ತಿದ್ದೆ. ಅವನು ನಕ್ಕು, “ಹಂಗಾದ್ರ ಅದರ ಮ್ಯಾಲ ಊಟ ಇಡಬ್ಯಾಡ, ಕೆಳಗ ಇಡು” ಎನ್ನುತ್ತಿದ್ದ.

ಅವನ ನಗು ಆ ಚಳಿಗಾಲಕ್ಕೆ ನಿಂತಿತು. ಹಳೆಯ ಜಿಲ್ಲೆ ಮೂರು ಪಾಲಾಗಿತ್ತು. ಒಂದಿಷ್ಟು ತಾಲೂಕು ಮುಂಬಯಿ ಕಡೆಗೆ, ಒಂದಿಷ್ಟು ಆಂಧ್ರದ ಕಡೆಗೆ, ಉಳಿದದ್ದು ನಮ್ಮ ಕಡೆಗೆ. ಊರು ಹಂಚಿದ ಹಾಗೆ ಕಾಗದಗಳನ್ನೂ ಹಂಚಿದರು. ಅಪ್ಪನ ನೌಕರಿಯ ಪುಸ್ತಕ, ಅವನು ಯಾವಾಗ ಸೇರಿದ, ಮುಸ್ತಕಿಲ್ ಹೌದೋ ಅಲ್ಲವೋ ಎಂದು ಬರೆದಿಡುವ ಪುಸ್ತಕ, ಆ ಗದ್ದಲದಲ್ಲಿ ಬೇರೆ ಯಾವುದೋ ಪೆಟ್ಟಿಗೆಯಲ್ಲಿ ಗಡಿ ದಾಟಿ ಹೋಗಿತ್ತು. ಅಂಥವರಿಗೆಲ್ಲ ಒಂದು ಫಾರಂ ಕೊಟ್ಟರು. ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ತುಂಬಿ ಸಹಿ ಮಾಡಿ ಕೊಡಬೇಕು, ಪುಸ್ತಕ ಸಿಗುವ ತನಕ ಅದೇ ಆಧಾರ. ಅಪ್ಪನಿಗೆ ಐವತ್ತು ಹತ್ತಿರ ಬಂದಿತ್ತು. ಕಾಯಂ ಎಂದು ತೆಗೆದುಕೊಂಡರೆ ಇನ್ನು ಕೆಲವು ವರ್ಷಕ್ಕೆ ಪಿಂಚಣಿ, ಇಲ್ಲದಿದ್ದರೆ ಇಷ್ಟು ವರ್ಷ ನೀರಿನಲ್ಲಿ ನಿಂತದ್ದೆಲ್ಲ ವ್ಯರ್ಥ. ಫಾರಮನ್ನು ಅವನು ಒಗೆದ ಧೋತರದಲ್ಲಿ ಸುತ್ತಿ ತಂದು ನನ್ನ ಮುಂದೆ ಇಟ್ಟ.

“ನಿನ್ನ ಕನ್ನಡ ಈಗ ಸರಕಾರದ ಕನ್ನಡ ಆಗ್ಯಾದ, ಅವ್ವಾ” ಎಂದ. “ನೀನೇ ಬರಿ. ಪ್ಯಾಟ್ಯಾಗ ಬರಿಯೋರಿಗಿ ರೊಕ್ಕಾ ಕೊಟ್ಟು ಬರಸಾದು ಬ್ಯಾಡ.”

ನಾನು ಟಾಕು ಮಸಿ ತೆಗೆದುಕೊಂಡು ದೊಡ್ಡ ಅಧಿಕಾರಿಯ ಠೀವಿಯಲ್ಲಿ ಕುಳಿತೆ. ಹೆಸರು, ಊರು, ಸೇರಿದ ಸನ್ ಎಲ್ಲ ಆಯಿತು. ಆಮೇಲೆ ಒಂದು ಕಲಮು ಬಂತು, ಕೆಲಸದ ಸ್ವರೂಪ. ಅಪ್ಪ ಎಂಥ ಕೆಲಸ ಮಾಡುತ್ತಾನೆಂದು ಕೇಳಿದ್ದಾರೆ ಎಂದುಕೊಂಡೆ. ಮೊದಲು ಬೇರೆ ಹಾಳೆಯಲ್ಲಿ, ಬೇಸಿಗೆಯಲ್ಲಿ ತಟ್ಟಿ ಕಟ್ಟುವ ಕೆಲಸ ಎಂದು ಬರೆದು ನೋಡಿದೆ. ತೀರ ಹಳ್ಳಿಯ ಮಾತಿನಂತೆ ಕಂಡಿತು. ಮೈಸೂರಿನವರು ಓದುವ ಕಾಗದ, ಶಬ್ದಕ್ಕೆ ಒಂದು ಗತ್ತು ಬೇಡವೇ? ಹಾಳೆ ಹರಿದು, ಫಾರಮಿನಲ್ಲಿ ದುಂಡಗಿನ ಅಕ್ಷರದಲ್ಲಿ ‘ಹಂಗಾಮಿ’ ಎಂದು ಬರೆದೆ.

“ಮುಸ್ತಕಿಲ್ ಅಂತ ಬರದೀ ಇಲ್ಲೋ?” ಎಂದು ಅಪ್ಪ ಪಕ್ಕದಿಂದ ಕೇಳಿದ.

“ಅದು ಉರ್ದು ಶಬ್ದ ಅಪ್ಪಾ, ಅವ್ರಿಗಿ ತಿಳ್ಯಾಂಗಿಲ್ಲ. ಎಷ್ಟು ವರ್ಷದಿಂದ ಅಂತ ಮ್ಯಾಲ ಬರದೀನಿ, ಅದರಾಗ ಎಲ್ಲಾ ಬಂತು.”

“ಒಮ್ಮಿ ಓದಿ ಹೇಳು.”

“ಯಾಕ, ನನ್ನ ಮ್ಯಾಲ ಭರೋಸಾ ಇಲ್ಲೇನು?” ಎಂದೆ. ಗೆಳತಿಯ ಮನೆಗೆ ಹೋಗುವ ಅವಸರವಿತ್ತು. ಅಪ್ಪ ಮತ್ತೆ ಕೇಳಲಿಲ್ಲ. ಕೈ ಒರೆಸಿಕೊಂಡು, ನಾನು ಬೆರಳಿಟ್ಟು ತೋರಿಸಿದ ಕಡೆ ಉರ್ದುವಿನಲ್ಲಿ ನಿಧಾನವಾಗಿ ಸಹಿ ಮಾಡಿದ.

ಆ ಬೇಸಿಗೆ ಎಂದಿನಂತೆ ಕಳೆಯಿತು. ಅಪ್ಪ ಮೂರೂ ಊರಿನ ತಟ್ಟಿ ಕಟ್ಟಿದ, ನೀರು ಎರಚಲು ಆಳು ಬರದ ಕಡೆ ತಾನೇ ಎರಚಿದ, ಹೊಸದಾಗಿ ಬಂದ ಅಧಿಕಾರಿಗಳು ಬೀದರಿನ ಸೆಕೆಗೆ ಬಾಯಿ ಬಿಡುತ್ತಿರುವುದನ್ನು ಮನೆಯಲ್ಲಿ ಅಣಕಿಸಿ ತೋರಿಸಿದ. ಮೊದಲ ಮಳೆ ಬಿದ್ದ ವಾರದಲ್ಲಿ ಒಂದು ಕಾಗದ ಬಂತು. ಅಪ್ಪ ಎಂದಿನ ಹಾಗೆ ನನ್ನ ಕೈಗೆ ಕೊಟ್ಟು ಎದುರಿಗೆ ಕುಳಿತ. ಹಂಗಾಮಿ ನೌಕರನಾದ್ದರಿಂದ ಈ ಆದೇಶ ತಲುಪಿದ ದಿನದಿಂದ ಕೆಲಸದಿಂದ ಬಿಡುಗಡೆ ಮಾಡಲಾಗಿದೆ, ಬರುವ ಬೇಸಿಗೆಯಲ್ಲಿ ಅವಶ್ಯವಿದ್ದರೆ ದಿನಗೂಲಿಯ ಮೇಲೆ ಕರೆಯಲಾಗುವುದು ಎಂದಿತ್ತು. ನಾನು ಎರಡು ಸಲ ಓದಿದೆ. ಕಚೇರಿಯವರು ತಪ್ಪು ಮಾಡಿದ್ದಾರೆ ಎಂದೇ ನನಗನ್ನಿಸಿತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. “ನಡಿ ಅಪ್ಪಾ, ನಾ ಬರ್ತೇನಿ, ಅವ್ರಿಗಿ ಕನ್ನಡ ಬರ್ತದೋ ಇಲ್ಲೋ ನೋಡೇ ಬಿಡ್ತೇನಿ” ಎಂದು ಸೀರೆ ಬದಲಿಸಿಕೊಂಡು ಹೊರಟೆ. ಹೌದು, ಹಾಗೆಯೇ ಅಂದೆ.

ಅಧಿಕಾರಿ ಮೈಸೂರು ಕಡೆಯವರು. ಕೂದಲು ಅರ್ಧ ಬೆಳ್ಳಗಾದ, ಮೆತ್ತಗೆ ಮಾತಾಡುವ ಮನುಷ್ಯ. ಅಪ್ಪನಿಗೆ ಕುರ್ಚಿ ತೋರಿಸಿದರು. ಅಪ್ಪ ಕೂಡಲಿಲ್ಲ. ಆ ಕೋಣೆಯ ತಟ್ಟಿಗಳನ್ನು ಅವನೇ ಕಟ್ಟಿದ್ದ. ಇಷ್ಟು ವರ್ಷದಲ್ಲಿ ಅಲ್ಲಿ ಕುಳಿತವನಲ್ಲ. ಅವರು ಕಾಗದಗಳ ಕಟ್ಟು ಬಿಚ್ಚಿ ನಮ್ಮ ಫಾರಂ ತೆಗೆದರು.

“ಇದು ನೀವು ಕೊಟ್ಟಿರೋದೇ ತಾನೇ ಯಜಮಾನ್ರೆ?”

“ಹೌದ್ರಿ ಸಾಹೇಬ್ರ. ಸಹಿ ನಂದೇ ಅದರಿ.”

“ಮತ್ತೆ ಇಲ್ಲಿ ಹಂಗಾಮಿ ಅಂತ ಬರೆದಿದ್ದೀರಲ್ಲ. ಹಂಗಾಮಿ ನೌಕರನ್ನ ವರ್ಷ ಪೂರ್ತಿ ಇಟ್ಕೊಳ್ಳೋಕೆ ಬರಲ್ಲ.”

ನಾನು ಮುಂದೆ ಬಂದೆ. “ಹಂಗಾಮಿ ಅಂದ್ರ ಬ್ಯಾಸಗಿ ಹಂಗಾಮಿನ ಕೆಲಸ ಅಂತರಿ. ನೌಕರಿ ಕಾಯಂ ಅದರಿ. ಅಷ್ಟೂ ತಿಳೀಲಿಲ್ಲೇನ್ರಿ?”

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಹಂಗಾಮಿ ಅಂದ್ರೆ ತಾತ್ಕಾಲಿಕ ಅಲ್ವೇನಮ್ಮಾ? ಸದ್ಯಕ್ಕೆ ಇಟ್ಕೊಂಡಿರೋದು, ಬೇಡ ಅಂದಾಗ ಬಿಡೋದು. ಎಲ್ಲ ಕಚೇರಿಗಳಲ್ಲೂ ಅದಕ್ಕೆ ಅದೇ ಅರ್ಥ. ಬರೆದವರಿಗೆ ಕನ್ನಡ ಬರಲ್ವಾ?”

ನಾನು ಅಪ್ಪನ ಕಡೆ ತಿರುಗಿದೆ. ಅವನ ಮುಖದ ಮೇಲೆಯೇ ಗೊತ್ತಾಯಿತು, ಅವನಿಗೆ ತಿಳಿದುಹೋಗಿತ್ತು. ಉರ್ದು ದಫ್ತರಿನಲ್ಲಿಯೂ ಹಂಗಾಮಿ ಎಂದರೆ ಅದೇ ಅರ್ಥವಂತೆ. ಮನೆಯಲ್ಲಿ ಆಯಿ ಅಂದರೆ ಅದು ಸುಗ್ಗಿಯ ಮಾತು, ಕಾಗದದ ಮೇಲೆ ಬಂದರೆ ಬೇರೆಯೇ ಮಾತು. ಅಷ್ಟು ವರ್ಷ ದಫ್ತರಿನ ಬಾಗಿಲಲ್ಲಿ ನಿಂತವನಿಗೆ ಆ ವ್ಯತ್ಯಾಸ ಗೊತ್ತಿತ್ತು. ಒಂದು ಸಲ ಓದಿ ಹೇಳಿದ್ದರೆ ಅಲ್ಲೇ ಕೈ ಹಿಡಿದು ತಡೆಯುತ್ತಿದ್ದ.

ಅಧಿಕಾರಿ ಒಂದು ದಾರಿ ಹೇಳಿದರು. ತುಂಬಿದವರು ಯಾರೋ ಅವರೇ ಒಂದು ಹೇಳಿಕೆ ಬರೆದುಕೊಡಬೇಕು: ತನಗೆ ಕನ್ನಡ ಸರಿಯಾಗಿ ಬಾರದು, ಶಬ್ದದ ಅರ್ಥ ತಿಳಿಯದೆ ಬರೆದೆ, ಈ ಮನುಷ್ಯನ ನೌಕರಿ ಕಾಯಮಿನದು ಎಂದು. ಕೆಳಗೆ ಅವರ ಸಹಿ, ಹೆಸರು. ಅದನ್ನು ಜೋಡಿಸಿ ಮೇಲಕ್ಕೆ ಕಳಿಸಿದರೆ ಆದೇಶ ಬದಲಾದೀತು ಎಂದರು. “ಎಂಟು ದಿವಸ ಈ ಕಾಗದ ನನ್ನ ಹತ್ರಾನೇ ಇಟ್ಕೊಂಡಿರ್ತೀನಿ. ಆಮೇಲೆ ನನ್ನ ಕೈಲಿ ಏನೂ ಇರಲ್ಲ. ಯಾರು ಬರೆದದ್ದು ಇದನ್ನ?”

ನಾನು ಬಾಯಿ ತೆರೆಯಬೇಕಿತ್ತು. ಅದೇ ಕಟ್ಟಡದ ಇನ್ನೊಂದು ಕೋಣೆಯಲ್ಲಿ, ಕನ್ನಡ ಕಲಿಸಲು ತಾನು ಯೋಗ್ಯಳೆಂದು ನಾನು ಕೊಟ್ಟ ಅರ್ಜಿ ಇತ್ತು. ಕನ್ನಡ ಬರುವುದಿಲ್ಲವೆಂದು ನನ್ನ ಹೆಸರಿನಲ್ಲಿ ಇಲ್ಲೊಂದು ಕಾಗದವಾದರೆ ಅಲ್ಲಿಯದರ ಗತಿ ಏನು? ಇದೆಲ್ಲ ನನ್ನ ತಲೆಯಲ್ಲಿ ಓಡುವುದಕ್ಕೆ ಮೊದಲೇ ಅಪ್ಪ ಮಾತಾಡಿದ.

“ಪ್ಯಾಟ್ಯಾಗ ಯಾರೋ ಒಬ್ಬವ ಬರದಾನರಿ ಸಾಹೇಬ್ರ. ನನಗ ಗುರ್ತಿಲ್ಲರಿ.”

ಅಧಿಕಾರಿ ನನ್ನನ್ನು ನೋಡಿದರು. ಅವರಿಗೆ ತಿಳಿಯದೆ ಏನು. “ಹಾಗಾದ್ರೆ ಅವನನ್ನ ಹುಡುಕಿ ಕರ್ಕೊಂಡು ಬನ್ನಿ ಯಜಮಾನ್ರೆ. ಎಂಟು ದಿವಸ ಇದೆ” ಎಂದರು. ಕಡೆಯ ಮಾತನ್ನು ನನ್ನ ಮುಖ ನೋಡಿಯೇ ಹೇಳಿದರು.

ದಾರಿಯಲ್ಲಿ ಅಪ್ಪ ಬೈಯಲಿಲ್ಲ. ಬಹಳ ದೂರ ನಡೆದ ಮೇಲೆ, “ನಿನ್ನ ಅರ್ಜಿ ಕೆಡಬಾರದು” ಎಂದಷ್ಟೇ ಹೇಳಿದ. ಆಯಿಗೆ ಕಚೇರಿಯವರ ಕಡೆಯಿಂದಲೇ ಏನೋ ಘೋಟಾಳಾ ಆಗಿದೆ, ಪುಸ್ತಕ ಬಂದರೆ ಸರಿಯಾಗುತ್ತದೆ ಎಂದ. ಅವಳು ಇಡೀ ಸಂಜೆ ಮೈಸೂರಿನವರಿಗೆ ಮರಾಠಿಯಲ್ಲಿ ಶಾಪ ಹಾಕಿದಳು. ನಾನು ಕೇಳಿಸಿಕೊಳ್ಳುತ್ತ ಜೋಳ ಹಸನು ಮಾಡುತ್ತಿದ್ದೆ.

ಆ ಎಂಟು ದಿನಗಳನ್ನು ನಾನು ಎಷ್ಟು ಸಲ ಎಣಿಸಿದ್ದೇನೋ ಲೆಕ್ಕವಿಲ್ಲ. ನನ್ನ ಹತ್ತಿರ ಕಾರಣಗಳಿಗೆ ಬರವಿರಲಿಲ್ಲ. ಅಪ್ಪನೇ ಬೇಡ ಎಂದಿದ್ದಾನೆ. ಬರೆದರೂ ಮೇಲಿನವರು ಒಪ್ಪುತ್ತಾರೆಂದು ಏನು ಖಾತ್ರಿ? ಅವನದೂ ಹೋಗಿ ನನ್ನದೂ ಹೋದರೆ ಮನೆ ನಡೆಸುವವರು ಯಾರು? ಗಡಿಯ ಆಚೆಯಿಂದ ಪುಸ್ತಕ ನಾಳೆಯೇ ಬಂದರೂ ಬರಬಹುದು. ಒಂದೊಂದೂ ಒಳ್ಳೆಯ ಕಾರಣವೇ. ಅವುಗಳನ್ನು ಒಂದರ ಮೇಲೊಂದು ಒಟ್ಟಿ, ಅದರ ಹಿಂದೆ ಕುಳಿತುಕೊಂಡೆ. ಸತ್ಯ ಹೇಳಬೇಕೆಂದರೆ ಅವೆಲ್ಲಕ್ಕಿಂತ ದೊಡ್ಡದು ಇನ್ನೊಂದಿತ್ತು. ನನಗೆ ಕನ್ನಡ ಬಾರದು ಎಂದು ನನ್ನ ಕೈಯಾರೆ ಬರೆಯುವುದು ನನ್ನಿಂದ ಆಗುತ್ತಿರಲಿಲ್ಲ. ಅಷ್ಟೇ.

ಕೆಲಸವಿಲ್ಲದೆ ಅಪ್ಪ ಮನೆಯಲ್ಲಿಯೇ ಇದ್ದ. ಮಳೆಗಾಲದಲ್ಲಿ ಅವನು ಹಗಲು ಮನೆಯಲ್ಲಿ ಕುಳಿತದ್ದು ನಾನು ಮೊದಲು ನೋಡಿದ್ದು ಆಗಲೇ. ಒಂದು ದಿನ ನಾನು ಟಾಕು ಹಿಡಿದಿರುವುದನ್ನು ಕಂಡು, “ಏನ ಬರೀಲಿಕ್ಹತ್ತೀ?” ಎಂದು ಕೇಳಿದ. ಗೆಳತಿಗೆ ಪತ್ರ ಎಂದೆ. ಹೂಂ ಎಂದು ಎದ್ದು ಹೋದ. ಏಳನೆಯ ದಿನ ಬೆಳಿಗ್ಗೆ ದಾಡಿ ಮಾಡಿಸಿಕೊಂಡು ಬಂದು, ಒಗೆದ ಅಂಗಿ ಹಾಕಿಕೊಂಡು, ಮಧ್ಯಾಹ್ನದ ತನಕ ಕಟ್ಟೆಯ ಮೇಲೆ ಕುಳಿತಿದ್ದ. ಎಲ್ಲಿಗೆ ಹೊರಟಿದ್ದೀ ಎಂದು ಆಯಿ ಕೇಳಿದರೆ ಎಲ್ಲಿಗೂ ಇಲ್ಲ ಎಂದ. ಊಟದ ಹೊತ್ತಿಗೆ ಅಂಗಿ ಕಳಚಿ ಗೂಟಕ್ಕೆ ಹಾಕಿದ. ಎಂಟನೆಯ ದಿನ ಜೋರು ಮಳೆ ಹಿಡಿದಿತ್ತು, ಯಾರೂ ಹೊರಗೆ ಹೋಗಲಿಲ್ಲ.

ದೀಪಾವಳಿಯ ಹೊತ್ತಿಗೆ ನನಗೆ ಔರಾದದ ಸಾಲಿಯಲ್ಲಿ ಕನ್ನಡ ಕಲಿಸುವ ನೌಕರಿ ಬಂತು. ಆದೇಶದಲ್ಲಿ ಹಂಗಾಮಿ ಎಂದಿರಲಿಲ್ಲ. ಅದನ್ನೇ ಮೊದಲು ನೋಡಿದೆ. ಆಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಅಪ್ಪ ನನ್ನ ಟ್ರಂಕು ಹೊತ್ತು ಬಸ್ಸಿನ ಟಪ್ಪಿನ ಮೇಲೆ ಏರಿಸಿ, ತನ್ನ ಬೇರಿನ ಹೊರೆ ಕಟ್ಟುವ ಹಗ್ಗದಿಂದಲೇ ಬಿಗಿದು ಕೊಟ್ಟ.

ಮುಂದಿನ ಬೇಸಿಗೆಯಿಂದ ಅವನು ದಿನಗೂಲಿಯವನಾದ. ಮೂರೂ ಊರು ಅವೇ, ಕಿಟಕಿ ಬಾಗಿಲು ಅವೇ, ಕೈಯೂ ಅದೇ. ಆದರೆ ಸುತಳಿ, ಕತ್ತಿ, ಏಣಿ ಎಲ್ಲ ಅವನೇ ತರಬೇಕು. ತಿರುಗಾಟದ ಭತ್ತೆಯ ಮಾತೇ ಇಲ್ಲ. ಅಕಾಲ ಮಳೆ ಹನಿದು ತಂಪಾದರೆ ಅಂದಿನ ಕೂಲಿ ಇಲ್ಲ. ಏಣಿಯಿಂದ ಬಿದ್ದರೆ ಬಿದ್ದವನ ಹಣೆಬರಹ. ಕರೆಂಟಿನ ಪಂಖಾಗಳಿಗೆ ಸರಕಾರವೇ ಒಬ್ಬ ಹೊಸ ಮಿಸ್ತ್ರಿಯನ್ನು ತಿಂಗಳ ಪಗಾರದ ಮೇಲೆ ಹಾಕಿಕೊಂಡಿತು. ಅವನಿಗೆ ತಿಳಿಯದ್ದನ್ನು ಅಪ್ಪನೇ ಕೆಳಗೆ ನಿಂತು ಹೇಳಿಕೊಡುತ್ತಿದ್ದನಂತೆ. ಔರಾದಕ್ಕೆ ಬಂದಾಗ ನನ್ನ ಬಾಡಿಗೆ ಮನೆಯಲ್ಲಿ ಇಳಿಯುತ್ತಿದ್ದ. ಸಂಜೆ ನಾನು ಬಿಸಿನೀರಿನಲ್ಲಿ ಅವನ ಕಾಲು ತೊಳೆದು ಅರಿಶಿನ ಎಣ್ಣೆ ಹಚ್ಚುತ್ತಿದ್ದೆ. ಕಾಲು ಎಳೆದುಕೊಂಡು, “ಮಾಸ್ತರಬಾಯಿ ಕೈಲೆ ಇಂಥಾ ಕೆಲಸಾ ಮಾಡಸ್ಕೋಬಾರದು” ಎಂದು ನಗುತ್ತಿದ್ದ. ನನ್ನ ಪಗಾರದಲ್ಲಿ ಕೈಗೆ ಏನಾದರೂ ಕೊಟ್ಟರೆ ಆಯಿಗೆ ಕೊಡು ಎನ್ನುತ್ತಿದ್ದ. ಗಡಿ ದಾಟಿ ಹೋದ ಪುಸ್ತಕ ಬರಲೇ ಇಲ್ಲ.

ಹೀಗೆ ಹತ್ತು ಹನ್ನೆರಡು ಬೇಸಿಗೆ ಕಳೆದ ಮೇಲೆ ಕಚೇರಿಗಳಲ್ಲಿ ತಟ್ಟಿ ಕಟ್ಟುವುದು ನಿಂತುಹೋಯಿತು. ಬರಬೇಡ ಎಂದು ಅಪ್ಪನಿಗೆ ಯಾರೂ ಹೇಳಲಿಲ್ಲ, 'ಬಾ' ಎಂದು ಕರೆಯಲಿಲ್ಲ ಅಷ್ಟೇ. ಅಷ್ಟು ಹೊತ್ತಿಗೆ ಕೆಮ್ಮು ಎದೆಗೆ ಇಳಿದಿತ್ತು. ಆಯಿ ತೀರಿಕೊಂಡಳು. ನನಗೆ ಬೀದರಿಗೆ ವರ್ಗವಾಗಿ, ಅವನನ್ನು ನನ್ನ ಮನೆಗೆ ಕರೆತಂದೆ. ಪಿಂಚಣಿ ಬರುವ ಅವನ ವಾರಿಗೆಯವರು ತಿಂಗಳ ಮೊದಲ ವಾರ ಖಜಾನೆಯ ಕಡೆ ಹೋಗುತ್ತ ನಮ್ಮ ಬಾಗಿಲಲ್ಲಿ ನಿಂತು ಮಾತಾಡಿಸುತ್ತಿದ್ದರು. ಅವರು ಹೋಗುವ ತನಕ ಅಪ್ಪ ಚೆನ್ನಾಗಿ ಮಾತಾಡಿ, ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ.

ಅವನ ಕೊನೆಯ ಬೇಸಿಗೆ. ಮಧ್ಯಾಹ್ನ ಕರೆಂಟು ಹೋಗಿತ್ತು. ನಾನು ಪಕ್ಕದಲ್ಲಿ ಕುಳಿತು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದೆ. ಮನೆಯಲ್ಲಿ ಇನ್ನಾರೂ ಇರಲಿಲ್ಲ. ಎಷ್ಟೋ ವರ್ಷ ಗಂಟಲಿಗೆ ಬಂದು ತಿರುಗಿ ಹೋದ ಮಾತು ಅಂದು ಹೊರಗೆ ಬಂತು.

“ಅಪ್ಪಾ, ಆವಾಗ ಆ ಹೇಳಿಕಿ ನಾ ಬರದ ಕೊಡಬೇಕಾಗಿತ್ತು” ಎಂದೆ.

ಹೋಗಲಿ ಬಿಡು ಎನ್ನುತ್ತಾನೆಂದು ಕಾದೆ. ಅದನ್ನು ಕೇಳುವುದಕ್ಕೇ ಹೇಳಿದ್ದೆನೋ ಏನೋ. ಅವನು ಕಣ್ಣು ತೆರೆಯಲಿಲ್ಲ.

“ನೀ ಬರದ ತಂದಿದ್ರ ನಾ ಹರದ ಒಗೀತಿದ್ದೆ” ಎಂದ.

ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಕಣ್ಣೀರು ಬಂತು. ಅವನ ಕೈ ಹಿಡಿದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅವನು, ದೂರಿನ ದನಿಯಲ್ಲ, ಯಾವುದೋ ಹಳೆಯ ಸಂಗತಿ ನೆನಪು ಮಾಡಿಕೊಳ್ಳುವ ದನಿಯಲ್ಲಿ ಮತ್ತೆ ಮಾತಾಡಿದ.

“ಹರದ ಒಗೀಬೇಕಂತ, ಎಂಟ ದಿನಾ ಹಾದಿ ನೋಡ್ಕೋತ ಕುಂತಿದ್ದೆ, ಅವ್ವಾ. ನೀ ತರಲೇ ಇಲ್ಲ.”

ಆಮೇಲೆ ಅವನು ನೀರು ಕೇಳಿದ. ಎದ್ದು ಹೋಗಿ ತಂದುಕೊಟ್ಟೆ.